ಸಿಪ್ಪೆ ತೆಗೆಯಿರಿ ಎಂಬ ಒಂದು ಸಾಲು

ಕೊರೋನಾ ನಿರ್ಬಂಧಗಳು ಸಡಿಲಗೊಂಡ ವರ್ಷ ನನಗೆ ಅಮೆರಿಕದಲ್ಲಿ ಕೆಲಸ ಮಾಡುವ ಪರವಾನಗಿ ಬಂತು. ಅದಕ್ಕೆ ಮೊದಲು ಏಳು ವರ್ಷ ಇಲ್ಲಿನ ಹರ್ನ್‌ಡನ್ ಎಂಬ ಊರಿನ ಟೌನ್‌ಹೌಸಿನಲ್ಲಿ ಮನೆ ನೋಡಿಕೊಂಡಿದ್ದೆ. ಅದಕ್ಕೂ ಮೊದಲು ಹನ್ನೊಂದು ವರ್ಷ ಮೈಸೂರಿನ ಒಂದು ದಿನಪತ್ರಿಕೆಯಲ್ಲಿ ಉಪಸಂಪಾದಕಿ. ಬೇರೆಯವರು ಬರೆದದ್ದನ್ನು ಕತ್ತರಿಸಿ, ತಿದ್ದಿ, ತಲೆಬರಹ ಕೊಡುವುದು ಬಿಟ್ಟು ನನಗೆ ಬೇರೆ ವಿದ್ಯೆ ಬರುತ್ತಿರಲಿಲ್ಲ.

ಸಿಕ್ಕ ಕೆಲಸ ಬಾದಾಮಿಯದು. ಇಲ್ಲಿನ ಬಾದಾಮಿ ಬೆಳೆಗಾರರ ಸಂಘವೊಂದು ಭಾರತೀಯ ಕುಟುಂಬಗಳಿಗಾಗಿ ತಿಂಗಳಿಗೊಂದು ಸುದ್ದಿಪತ್ರ ಹೊರಡಿಸುತ್ತಿತ್ತು. ಅದನ್ನು ಸಿದ್ಧಪಡಿಸುತ್ತಿದ್ದುದು ಪಕ್ಕದ ಊರಾದ ರೆಸ್ಟನ್‌ನ ಒಂದು ಪ್ರಚಾರ ಸಂಸ್ಥೆ. ಕನ್ನಡದ ನಾಲ್ಕು ಪುಟ ನನ್ನ ಪಾಲಿಗೆ ಬಂದವು. ಕ್ಯಾಲಿಫೋರ್ನಿಯಾದ ತೋಟಗಳಲ್ಲಿ ಹೂಬಿಡುವ ಕಾಲಕ್ಕೆ ಲಾರಿಗಳಲ್ಲಿ ಜೇನುಪೆಟ್ಟಿಗೆ ಬಂದಿಳಿಯುವುದು, ಕೊಯ್ಲಿನಲ್ಲಿ ಯಂತ್ರ ಮರದ ಕಾಂಡ ಹಿಡಿದು ಅಲುಗಾಡಿಸುವುದು, ಉದುರಿದ ಕಾಯಿ ನೆಲದಲ್ಲೇ ಒಣಗುವುದು, ಇವೆಲ್ಲ ಸುದ್ದಿ. ಹಬ್ಬಕ್ಕೆ ಬಾದಾಮಿ, ಪರೀಕ್ಷೆಗೆ ಬಾದಾಮಿ, ಬಾಣಂತಿಗೆ ಬಾದಾಮಿ, ಇದು ಪ್ರಚಾರ. ಎರಡರ ನಡುವೆ ಗೆರೆ ಎಳೆಯುವುದು ನನ್ನ ಹಳೆಯ ಅಭ್ಯಾಸ. ಅಲ್ಲಿ ಆ ಗೆರೆ ಯಾರಿಗೂ ಬೇಕಿರಲಿಲ್ಲ. ಆದರೂ ಎಷ್ಟೋ ವರ್ಷಗಳ ಮೇಲೆ ಕೈಯಲ್ಲಿ ಪ್ರೂಫ್ ಹಿಡಿದದ್ದಕ್ಕೆ ನನಗೆ ಸಂತೋಷವಾಗಿತ್ತು.

ಮೊದಲ ದಿನವೇ ನಿಯಮಗಳ ಒಂದು ಹಾಳೆ ಕೊಟ್ಟಿದ್ದರು. ಬಾದಾಮಿಯನ್ನು ಸಿಪ್ಪೆಸಹಿತ ಇಡಿಯಾಗಿ ತಿನ್ನುವುದನ್ನೇ ಪ್ರೋತ್ಸಾಹಿಸಬೇಕು ಎಂಬುದು ಅದರಲ್ಲೊಂದು. ಓದಿ ನಕ್ಕಿದ್ದೆ. ನಮ್ಮ ಮನೆಯಲ್ಲಿ ನೆನೆದ ಬಾದಾಮಿಯ ಸಿಪ್ಪೆ ಬಿಡಿಸುವುದು ಮಕ್ಕಳ ಕೆಲಸವಾಗಿತ್ತು. ಎರಡು ಬೆರಳಲ್ಲಿ ಒತ್ತಿದರೆ ಬೆಳ್ಳಗಿನ ಬೀಜ ಚಿಮ್ಮಿ ಹೋಗಿ ಗೋಡೆಗೆ ಬಡಿಯುತ್ತಿತ್ತು. ಯಾರದು ದೂರ ಹೋಯಿತು ಎಂಬ ಪಂದ್ಯ ಕಟ್ಟಿ, ಅಮ್ಮನಿಂದ ಸೌಟಿನ ಏಟು ತಿನ್ನುತ್ತಿದ್ದೆವು. ಸಿಪ್ಪೆಯಿರುವ ಬಾದಾಮಿಯನ್ನು ಬಾಯಿಗೆ ಹಾಕಿಕೊಂಡ ನೆನಪೇ ನನಗಿಲ್ಲ.

ಕಚೇರಿಯಲ್ಲಿ ನನ್ನ ಮೇಲಿದ್ದವಳು ಅಟ್ಲಾಂಟಾದ ಬಳಿಯ ಜಾನ್ಸ್ ಕ್ರೀಕ್‌ನಲ್ಲಿ ಹುಟ್ಟಿ ಬೆಳೆದ ಕನ್ನಡದ ಹುಡುಗಿ. ವಯಸ್ಸು ಇಪ್ಪತ್ತಾರು. ಕನ್ನಡ ಓದಲು ಬಾರದು, ಮಾತು ತಕ್ಕಮಟ್ಟಿಗೆ. ಮೀಟಿಂಗಿನಲ್ಲೂ ನನ್ನನ್ನು ಆಂಟಿ ಎಂದೇ ಕರೆಯುತ್ತಿದ್ದಳು. ಯುಗಾದಿ ಸಂಚಿಕೆಗೆ ಒಂದು ಸಿಹಿ ಬೇಕು ಎಂದವಳು ಅವಳೇ.

"ರಿಯಲ್ ಪರ್ಸನ್ ಬೇಕು ಆಂಟಿ. ಅಜ್ಜಿ ಥರ ಯಾರಾದ್ರೂ. ಹೆಸರು, ಊರು ಎಲ್ಲಾ ಹಾಕೋಣ."

ನಮ್ಮ ಸಾಲಿನಲ್ಲೇ ಎರಡು ಮನೆ ಆಚೆ ಮಗಳ ಮನೆಗೆಂದು ಆರು ತಿಂಗಳಿಗೆ ಬಂದಿದ್ದ ಮೈಸೂರಿನ ಆಂಟಿಯೊಬ್ಬರಿದ್ದರು. ಅವರ ಬಡಾವಣೆಯಲ್ಲಿ ಯಾರ ಮನೆಯ ಮದುವೆಯಾದರೂ ಬಾದಾಮಿ ಹಲ್ವ ಅವರದೇ. ಕೂಲಿಗೆ ಮಾಡಿದವರಲ್ಲ. ಕರೆಯುತ್ತಿದ್ದರು, ಹೋಗಿ ಮಾಡಿಕೊಟ್ಟು ಬರುತ್ತಿದ್ದರು. ಹೆಸರು ಅಚ್ಚಾಗುತ್ತದೆ ಎಂದಾಗ ಸೆರಗು ಸರಿಮಾಡಿಕೊಂಡು ಕುಳಿತರು.

"ಬರ್ಕೋ. ಒಂದು ಲೋಟ ಬಾದಾಮಿ. ಬಿಸಿನೀರಲ್ಲಿ ನೆನೆಹಾಕು. ಆಮೇಲೆ ಸಿಪ್ಪೆ ತೆಗಿ. ಬರ್ಕೊಂಡ್ಯಾ?"

"ಬರ್ಕೊಂಡೆ ಆಂಟಿ."

"ಏನ್ ಬರ್ಕೊಂಡೆ, ಓದು."

ಓದಿದೆ.

"ಒಂದೊಂದೂ ತೆಗೀಬೇಕು ಅಂತ ಸೇರಿಸು. ನಮ್ಮ ಓರಗಿತ್ತಿ ಒಂದ್ಸಲ ಅರ್ಧಂಬರ್ಧ ತೆಗ್ದು ರುಬ್ಬಿಬಿಟ್ಲು. ಮದುವೆಮನೇಲಿ ಎಲ್ಲಾ 'ಇದೇನು, ಹುರಿಹಿಟ್ಟಾ?' ಅಂದ್ರು. ಮೂವತ್ತು ವರ್ಷ ಆಯ್ತು. ಇವತ್ತಿಗೂ ಅವಳು ಬಂದ್ರೆ ಹುರಿಹಿಟ್ಟು ಬಂದ್ಲು ಅಂತಾರೆ."

ಸಂಚಿಕೆಯಲ್ಲಿ ಅಚ್ಚಾಗಿ, ಹಬ್ಬದ ದಿನ ಬಿಡಿಯಾಗಿಯೂ ಹಂಚುವ ಕಾರ್ಡಿನಲ್ಲಿ ಪಾಕವಿಧಾನಕ್ಕೆ ಇದ್ದದ್ದು ಒಂಬತ್ತು ಸಾಲು. ನನ್ನ ಬರಹ ಹತ್ತಾಯಿತು. ಓದುಗರಿಗೆ ಗೊತ್ತಿರುವುದನ್ನು ಮೊದಲು ತೆಗೆಯಬೇಕು ಎಂದು ಸುದ್ದಿಮನೆಯಲ್ಲಿ ನನಗೆ ಕಲಿಸಿದ್ದರು. ನಮ್ಮ ಅಡುಗೆಮನೆಗಳಲ್ಲಿ ನೆನೆಸಿದ ಬಾದಾಮಿ ಎಂದರೆ ಸಿಪ್ಪೆ ತೆಗೆದ ಬಾದಾಮಿಯೇ. ಹೇಳುವ ಅಗತ್ಯವೇ ಇಲ್ಲ. ಆ ಸಾಲನ್ನು ತೆಗೆದೆ. ನಿಯಮಗಳ ಹಾಳೆ ಆಗ ನೆನಪಿಗೆ ಬರಲಿಲ್ಲ ಎಂದರೆ ಅದು ಪೂರ್ತಿ ನಿಜವಲ್ಲ. ಬಂದಿತ್ತು. ಒಂದೇ ಕತ್ತರಿಯಲ್ಲಿ ಎರಡು ಕೆಲಸವಾಯಿತಲ್ಲ ಎಂದುಕೊಂಡಿದ್ದೆ. ಕಾರ್ಡಿನ ಇಂಗ್ಲಿಷ್ ಪ್ರತಿಗಾಗಿ ನಾನು ಒಂಬತ್ತು ಸಾಲನ್ನೂ ಓದಿ ಹೇಳಿದೆ, ಹುಡುಗಿ ಟೈಪ್ ಮಾಡಿಕೊಂಡಳು. ಆ ಪ್ರತಿ ಹಬ್ಬಕ್ಕೆ ಹಲ್ವ ಮಾಡುವ ಕೇಟರಿಂಗ್‌ನವರಿಗೂ ಹೋಗುತ್ತದೆಂದು ನನಗೆ ಗೊತ್ತಿರಲಿಲ್ಲ. ನಾನು ಕೇಳಲೂ ಇಲ್ಲ.

ಇಲ್ಲಿನ ಕನ್ನಡಿಗರ ಯುಗಾದಿ ಕಾರ್ಯಕ್ರಮ ಹರ್ನ್‌ಡನ್‌ನ ಒಂದು ಶಾಲೆಯ ಸಭಾಂಗಣದಲ್ಲಿ ನಡೆಯಿತು. ಬಾಗಿಲ ಪಕ್ಕದಲ್ಲೇ ಬಾದಾಮಿ ಸಂಘದ ಮಳಿಗೆ. ಹೂಬಿಟ್ಟ ತೋಟದ ದೊಡ್ಡ ಚಿತ್ರ, ಅದರ ಕೆಳಗೆ ಆಂಟಿಯ ಹೆಸರು, ಊರು ಇದ್ದ ಕಾರ್ಡುಗಳ ಕಟ್ಟು, ಪಕ್ಕದಲ್ಲಿ ಕಾಗದದ ಬಟ್ಟಲುಗಳಲ್ಲಿ ಹಲ್ವ. ದೂರದಿಂದಲೇ ನನಗೆ ತಿಳಿಯಿತು. ಹಳದಿ ಇರಬೇಕಾದದ್ದು ಕಂದು ಬಣ್ಣಕ್ಕಿತ್ತು. ಕೇಟರಿಂಗ್‌ನವರು ಕಾರ್ಡಿನಲ್ಲಿ ಇದ್ದಂತೆಯೇ ನೆನೆಸಿ, ರುಬ್ಬಿದ್ದರು.

ಆಂಟಿ ಮೈಸೂರು ಸಿಲ್ಕ್ ಉಟ್ಟು ಬಂದಿದ್ದರು. ಮಗಳ ಗೆಳತಿಯರು ಮುತ್ತಿಕೊಂಡರು.

"ಆಂಟಿ, ನಿಮ್ಮ ಹೆಸರಿದೆ ಇಲ್ಲಿ! ಸೂಪರ್!" ಎಂದು ಅವರಲ್ಲೊಬ್ಬಳು ಒಂದು ಚಮಚ ಬಾಯಿಗಿಟ್ಟು ನಿಧಾನವಾಗಿ ಅಗಿದಳು. "ಇದು ಹೆಲ್ತಿ ವರ್ಷನ್ನಾ ಆಂಟಿ?"

ಅವಳ ಗಂಡ ಸೇರಿಸಿದ: "ಮೈಸೂರಲ್ಲಿ ಈಗ ಹೀಗೇ ಮಾಡ್ತಾರೋ ಏನೋ ಕಣೇ. ನಾವು ಬಿಟ್ಟು ಬಂದು ಬಹಳ ದಿನ ಆಯ್ತಲ್ಲ."

ಎಲ್ಲರೂ ನಕ್ಕರು. ಆಂಟಿ ಒಂದು ಬಟ್ಟಲು ತೆಗೆದುಕೊಂಡು ರುಚಿ ನೋಡಿ, "ಇದು ನಂದಲ್ಲ" ಎಂದರು. ಆ ಗಲಾಟೆಯಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಬಟ್ಟಲನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡು, ಊಟಕ್ಕೂ ನಿಲ್ಲದೆ ಹೊರಟರು.

ಮರುದಿನ ಬೆಳಿಗ್ಗೆ ಅವರ ಮನೆಗೆ ಹೋದೆ. ಆ ಬಟ್ಟಲು ಮೇಜಿನ ಮೇಲಿತ್ತು.

"ಸಿಪ್ಪೆ ಅಂತ ಹೇಳಿದ್ನಾ ಇಲ್ವಾ?"

"ಹೇಳಿದ್ರಿ ಆಂಟಿ. ಜಾಗ ಸಾಲಲಿಲ್ಲ ಅಂತ ನಾನೇ ತೆಗೆದೆ."

"ಸಿಪ್ಪೆ ತೆಗಿ ಅಂದ್ರೆ ಆ ಮಾತನ್ನೇ ತೆಗೆದ್ಯಲ್ಲೇ! ಓದ್ದೋಳು ಅಂತ ನಿನ್ನ ಕೈಲಿ ಕೊಟ್ಟೆ." ಸಿಟ್ಟಿನಲ್ಲಿ ಎದ್ದು ಹೋಗಿ, ನನಗೆ ಕಾಫಿ ತಂದಿಟ್ಟರು. "ಇನ್ನು ಮೂರು ವಾರಕ್ಕೆ ಊರಿಗೆ ಹೊರಡ್ತೀನಿ. ಆ ಕಾರ್ಡು ನಾನು ಹೋಗೋಕೆ ಮುಂಚೆನೇ ಫೋನಲ್ಲಿ ಅಲ್ಲಿಗೆ ಹೋಗಿದೆ. ಓರಗಿತ್ತಿ ಫೋನ್ ಮಾಡಿದ್ಲು. 'ಅಕ್ಕಾ, ಸಿಪ್ಪೆ ಸಮೇತ ರುಬ್ಬೋದಾ?' ಅಂದ್ಲು. ಅಷ್ಟೇ ಅಂದಿದ್ದು."

ಮೈಸೂರಿನ ನಮ್ಮ ಕಚೇರಿಯಲ್ಲಿ ಒಂದು ಪದ್ಧತಿಯಿತ್ತು. ತಪ್ಪು ಮಾಡಿದವರೇ ತಿದ್ದುಪಡಿ ಬರೆಯಬೇಕು. ಕಾರಣ ಕೊಡುವಂತಿಲ್ಲ, ವಿಶೇಷಣ ಬಳಸುವಂತಿಲ್ಲ. ಒಮ್ಮೆ ನಾನು ನಿವೃತ್ತ ಮೇಷ್ಟರೊಬ್ಬರ ಊರನ್ನು ತಪ್ಪಾಗಿ ಬರೆದಿದ್ದೆ. ತಿದ್ದುಪಡಿ ಬಂದ ದಿನ ಅವರು ಕಚೇರಿಗೇ ಬಂದು ಹತ್ತು ಪ್ರತಿ ಕೊಂಡುಹೋದರು. ಅವರ ಸನ್ಮಾನದ ವರದಿ ಬಂದ ದಿನ ಒಂದನ್ನೂ ಕೊಂಡಿರಲಿಲ್ಲವಂತೆ. ಮುಖ್ಯ ಉಪಸಂಪಾದಕರು ತಮ್ಮ ಫ್ಲಾಸ್ಕಿನ ಚಹಾವನ್ನು ನನಗೂ ಅರ್ಧ ಬಗ್ಗಿಸಿ ಕೊಟ್ಟು, ಮುಂದಿನ ಪುಟ ತಳ್ಳಿದ್ದರು. ಆ ಚಹಾದ ರುಚಿ ಹರ್ನ್‌ಡನ್‌ನ ಆ ಬೆಳಿಗ್ಗೆ ನೆನಪಾಯಿತು.

ಸೋಮವಾರ ರೆಸ್ಟನ್‌ಗೆ ಹೋಗಿ ಮೂರು ಸಾಲಿನ ತಿದ್ದುಪಡಿಯನ್ನು ಹುಡುಗಿಯ ಮುಂದಿಟ್ಟು, ಅದರಲ್ಲಿದ್ದದ್ದನ್ನು ಇಂಗ್ಲಿಷಿನಲ್ಲಿ ಹೇಳಿದೆ.

"ಪ್ರಮೋಷನ್‌ನಲ್ಲಿ ಯಾರೂ ಕರೆಕ್ಷನ್ ಹಾಕಲ್ಲ ಆಂಟಿ. ವೆಬ್‌ಸೈಟಲ್ಲಿ ಸುಮ್ನೆ ಚೇಂಜ್ ಮಾಡಿಬಿಡೋಣ. ಅದೂ ಅಲ್ಲದೆ ಸಿಪ್ಪೆ ತೆಗೀರಿ ಅಂತ ಹೇಗೆ ಬರೀತೀರಾ? ಕ್ಲೈಂಟ್ ನೋಡಿದ್ರೆ ನಿಮ್ಮ ಪೇಜಸ್ಸೇ ಹೋಗುತ್ತೆ."

"ಹೋದ್ರೆ ಹೋಗಲಿ," ಎಂದೆ. ಹೇಳಿದಷ್ಟು ಧೈರ್ಯ ಒಳಗಿರಲಿಲ್ಲ. ಏಳು ವರ್ಷ ಕಾದು ಸಿಕ್ಕ ಕೆಲಸ.

"ಆನೆಸ್ಟ್ಲಿ, ನಂಗೆ ಆ ಹಲ್ವ ಇಷ್ಟ ಆಯ್ತು. ಏನು ರಾಂಗ್ ಅಂತಲೇ ಗೊತ್ತಾಗಲಿಲ್ಲ. ನಮ್ಮಮ್ಮ ಪ್ಯಾಕೆಟ್ ಪೌಡರ್ ಯೂಸ್ ಮಾಡ್ತಾರೆ."

ಅವಳಿಗೆ ವಾದದಿಂದ ತಿಳಿಸುವಂಥದ್ದಲ್ಲ ಅದು. ಮಧ್ಯಾಹ್ನ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ನೇರ ಆಂಟಿಯ ಅಡುಗೆಮನೆಗೆ ಕರೆತಂದೆ. ಆಂಟಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಇವಳೇನಾ ನಿನ್ನ ಎಡಿಟರ್ರು? ಚಿಕ್ಕ ಹುಡುಗಿ. ಕೈ ತೊಳ್ಕೊಂಡು ಬಾರಮ್ಮ."

ಬಾದಾಮಿ ನೆನೆಹಾಕಿದ್ದ ಬೆಚ್ಚಗಿನ ನೀರಿನ ಬಟ್ಟಲನ್ನು ಮುಂದಿಟ್ಟರು. ಹುಡುಗಿ ಉಗುರಿನಿಂದ ಕೆರೆಯತೊಡಗಿದಳು.

"ಅಯ್ಯೋ, ಕೆರೀಬೇಡ. ಎರಡು ಬೆರಳಲ್ಲಿ ಹಿಡಿದು ಒತ್ತು. ಮೆಲ್ಲಗೆ..."

ಬೀಜ ಚಿಮ್ಮಿ ಡಿಶ್‌ವಾಷರ್‌ಗೆ ಬಡಿದು ಸೋಫಾದ ಕೆಳಗೆ ಹೋಯಿತು. ಹುಡುಗಿ ಬಾಯಿ ತೆರೆದು ನಿಂತಳು. ಆಮೇಲೆ ಬೇಕೆಂದೇ ಇನ್ನೊಂದನ್ನು ಹಾರಿಸಿದಳು. ಮೂರನೆಯದಕ್ಕೆ ಆಂಟಿ ಸೌಟು ಎತ್ತಿ ತೋರಿಸಿದರು. ನಾನು ಬಗ್ಗಿ ಸೋಫಾದ ಕೆಳಗೆ ಕೈಯಾಡಿಸಿ ಬೀಜಗಳನ್ನು ಹೆಕ್ಕಿದೆ.

ಸಂಜೆ ಬಾಣಲೆಯ ಅಂಚು ಬಿಟ್ಟು ಬಂದ ಹಲ್ವ ಹಳದಿಯಾಗಿ, ಕೇಸರಿಯ ಎಳೆ ಕಾಣುವಂತೆ ನಯವಾಗಿತ್ತು. ಹುಡುಗಿ ಒಂದು ತುಂಡು ತಿಂದು, ಇಂಗ್ಲಿಷ್ ಕಾರ್ಡನ್ನು ತೆಗೆದು ನೋಡಿ, "ಓ," ಎಂದಳು. ಒಂದು ಡಬ್ಬಿಯಲ್ಲಿ ಹಾಕಿಸಿಕೊಂಡು ತನ್ನ ಮೇಲಿನವರಿಗೆಂದು ಒಯ್ದಳು.

ಎರಡು ವಾರ ಏನೂ ತಿಳಿಯಲಿಲ್ಲ. ಮುಂದಿನ ಸಂಚಿಕೆಯ ಪ್ರೂಫ್ ಬಂದಾಗ ನಾಲ್ಕನೆಯ ಪುಟದ ತಳದಲ್ಲಿ ನನ್ನ ಮೂರು ಸಾಲುಗಳಿದ್ದವು. "ಈ ಸಿಹಿಗೆ ಮಾತ್ರ" ಎಂಬ ಮಾತನ್ನು ಯಾರೋ ಸೇರಿಸಿದ್ದರು. ಅದಕ್ಕೆ ನನ್ನ ತಕರಾರಿರಲಿಲ್ಲ. ಹಿಂದಿನ ಸಂಚಿಕೆಯ ಹಲ್ವದ ವಿಧಾನದಲ್ಲಿ, ಈ ಸಿಹಿಗೆ ಮಾತ್ರ, ಬಾದಾಮಿಯ ಸಿಪ್ಪೆಯನ್ನು ಒಂದೊಂದಾಗಿ ಪೂರ್ತಿ ತೆಗೆಯಬೇಕು, ವಿಧಾನ ಕೊಟ್ಟವರು ಹಾಗೆಯೇ ಹೇಳಿದ್ದರು, ತಪ್ಪು ಸಂಪಾದಕರದು ಎಂದಿತ್ತು.

ಆಂಟಿ ಹೊರಡುವ ಹಿಂದಿನ ದಿನ ಅಚ್ಚಾದ ಪ್ರತಿಯನ್ನು ಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಒಂದೊಂದಾಗಿ" ಎಂಬಲ್ಲಿ ಬೆರಳಿಟ್ಟು ತಲೆಯಾಡಿಸಿದರು. ಮಗಳನ್ನು ಕರೆದು ಅದರ ಫೋಟೋ ತೆಗೆಸಿ, ಓರಗಿತ್ತಿಗೆ ಕಳಿಸು ಎಂದರು. ಆಮೇಲೆ ಅಡುಗೆಮನೆಯ ಕತ್ತರಿ ತಂದು ಆ ಮೂರು ಸಾಲನ್ನು ಮಾತ್ರ ನೇರವಾಗಿ ಕತ್ತರಿಸಿ, ಪಾಸ್‌ಪೋರ್ಟಿನ ನಡುವೆ ಇಟ್ಟುಕೊಂಡರು.

"ಉಳಿದದ್ದು ನೀನೇ ಇಟ್ಕೋ. ಅದೆಲ್ಲ ಬರೀ ಜಾಹೀರಾತು."

ತಳ ಕತ್ತರಿಸಿದ ಆ ಹಾಳೆ ಈಗಲೂ ನನ್ನ ಬಳಿ ಇದೆ. ಅದರ ಮೇಲ್ಭಾಗದಲ್ಲಿ ಹೂಬಿಟ್ಟ ಬಾದಾಮಿ ತೋಟ, ಸಾಲುಸಾಲು ಮರಗಳ ನಡುವೆ ಬಿಳಿ ಜೇನುಪೆಟ್ಟಿಗೆಗಳು.