ಐದು ಗಂಟೆಯೊಳಗೆ ಹೊರಬರಬೇಕಿದ್ದ ಡಿಸ್ಕ್

ದೇಹೂ ರೋಡ್ ಕಡೆಯ ಆ ಸರಕಾರಿ ಸಂಸ್ಥೆಯ ಗೇಟಿನಲ್ಲಿ ನನ್ನ ಊಟದ ಡಬ್ಬಿಯನ್ನೂ ಬಿಚ್ಚಿ ನೋಡಿದರು. ಆಮೇಲೆ ಕಾವಲುಗಾರ ನನ್ನ ಸಿ.ಡಿ.ಯನ್ನು ಬೆಳಕಿಗೆ ಹಿಡಿದು ಎರಡೂ ಬದಿ ತಿರುಗಿಸಿ, ಅದರ ಮೇಲಿದ್ದ ಸಂಖ್ಯೆಯನ್ನು ರಿಜಿಸ್ಟರಿನಲ್ಲಿ ಬರೆದುಕೊಂಡ. ಹಿಂದಿಯಲ್ಲಿ ಹೇಳಿದ: ಇದು ಯಾರ ಕೈಯಲ್ಲಿ ಒಳಗೆ ಹೋಯಿತೋ ಅವರ ಕೈಯಲ್ಲೇ ಐದು ಗಂಟೆಯೊಳಗೆ ಹೊರಗೆ ಬರಬೇಕು. ಬರದಿದ್ದರೆ ವಿಚಾರಣೆ ಮುಗಿಯುವ ತನಕ ಡಿಸ್ಕೂ ಇಲ್ಲೇ, ನೀವೂ ಇಲ್ಲೇ.

ತೊಂಬತ್ತರ ದಶಕದ ನಡುವಿನ ವರ್ಷಗಳು. ಪುಣೆಯ ಒಂದು ಸಣ್ಣ ಕಂಪ್ಯೂಟರ್ ಕಂಪನಿಯಲ್ಲಿ ನಾನು ಸರ್ವಿಸ್ ಎಂಜಿನಿಯರ್. ಸೇರಿ ಐದು ತಿಂಗಳಾಗಿತ್ತು, ಕಾಯಂ ಆಗಲು ಇನ್ನೊಂದು ತಿಂಗಳಿತ್ತು. ಆ ಸಂಸ್ಥೆಗೆ ನಾವು ಒಂದು ಯುನಿಕ್ಸ್ ಯಂತ್ರ ಮಾರಿದ್ದೆವು. ಯಂತ್ರ ಒಂದೇ, ಅದಕ್ಕೆ ತಂತಿಯಿಂದ ಜೋಡಿಸಿದ ಹನ್ನೆರಡು ಟರ್ಮಿನಲ್‌ಗಳು, ಅಂದರೆ ಬರೀ ಪರದೆ ಮತ್ತು ಕೀಲಿಮಣೆ, ಬೇರೆ ಬೇರೆ ಕೋಣೆಗಳಲ್ಲಿದ್ದವು. ಯಂತ್ರದ ಕೈಪಿಡಿಗಳು ಅಲ್ಲಿಯ ತನಕ ದಪ್ಪ ದಪ್ಪ ಪುಸ್ತಕಗಳಾಗಿ ಬರುತ್ತಿದ್ದವು. ಈಗ ಎಲ್ಲವೂ ಒಂದು ಡಿಸ್ಕಿನಲ್ಲಿ ಬಂದಿದ್ದವು. ಅವನ್ನು ಯಂತ್ರದೊಳಗೆ ಇಳಿಸಿ, ಪರದೆಯ ಮೇಲೇ ಓದಲು ಬರುವಂತೆ ಮಾಡುವುದು ನನ್ನ ಕೆಲಸ. ಇಡೀ ಕಂಪನಿಗೆ ಅದೊಂದೇ ಡಿಸ್ಕ್. ಮರುದಿನ ಬೆಳಿಗ್ಗೆ ಅದು ಭೋಸರಿಯ ಕಾರ್ಖಾನೆಯೊಂದಕ್ಕೆ ಹೋಗಬೇಕಿತ್ತು.

ಯಂತ್ರದ ಕೋಣೆಯ ಮುಖ್ಯಸ್ಥರನ್ನು ಎಲ್ಲರೂ ಸಾಹೇಬ್ ಎನ್ನುತ್ತಿದ್ದರು. ಸೈನ್ಯದಿಂದ ನಿವೃತ್ತರಾಗಿ ಬಂದ ಮರಾಠಿ ಮನುಷ್ಯ. ನಾನು ಕೂರುವ ಮೊದಲೇ ಅವರು ಹೇಳಿದರು: “ಕೈಪಿಡಿ ನನಗೊಬ್ಬನಿಗೇ ತೆರೆಯಬೇಕು. ಉಳಿದವರು ಓದಿ ಏನೇನೋ ಒತ್ತಿದರೆ ಉತ್ತರ ಕೊಡಬೇಕಾದವನು ನಾನು.”

ಡಿಸ್ಕ್ ಹಾಕಿ ಯಂತ್ರಕ್ಕೆ ಸೇರಿಸಿ ನಕಲು ಶುರುಮಾಡಿದೆ. ಸಾವಿರಾರು ಸಣ್ಣ ಸಣ್ಣ ಕಡತಗಳು. ಐದಾರು ತಾಸಿನ ಕೆಲಸ. ಆ ಹೊತ್ತಿನಲ್ಲಿ ಟರ್ಮಿನಲ್‌ಗಳನ್ನು ಪರೀಕ್ಷಿಸಲು ಒಪ್ಪಿಗೆ ಪಡೆದು ಕೋಣೆಯಿಂದ ಕೋಣೆಗೆ ತಿರುಗಿದೆ. ಟೈಪಿಂಗ್ ವಿಭಾಗದಲ್ಲಿ ಒಂದು ತಂತಿ ಕೈಗೆ ತಾಗಿ ಜುಮ್ಮೆಂದಾಗ “ಯಪ್ಪಾ!” ಎಂದು ಬಾಯಿಂದ ಬಂತು.

“ಕನ್ನಡದವ್ರೇನ್ರಿ?” ಎಂದರು ಅಲ್ಲಿ ಕೂತಿದ್ದ ಹೆಂಗಸು. ಐವತ್ತು ದಾಟಿರಬಹುದು.

“ಹೌದ್ರಿ ಅಕ್ಕಾರ. ಗದಗ ಕಡೇವ್ರು. ಬೆಳದದ್ದು ಇಲ್ಲೇ ಪುಣೇದಾಗ.”

“ನಮ್ಮದು ಆಳಂದ ಅದ ನೋಡು, ತಮ್ಮಾ.” ಅವರ ಗಂಡ ಅಲ್ಲೇ ಗುಮಾಸ್ತರಾಗಿದ್ದು ತೀರಿಹೋದ ಮೇಲೆ ಆ ನೌಕರಿ ಇವರಿಗೆ ಸಿಕ್ಕಿತ್ತು. ದನಿ ಇಳಿಸಿ ಹೇಳಿದರು: “ಟೈಪರೈಟರ್ ಎಲ್ಲಾ ಒಯ್ದ್ರು. ಮುಂದಿನ ತಿಂಗಳ ಇದರ ಮ್ಯಾಲ ಪರೀಕ್ಷಾ ಅದ. ಪಾಸಾಗ್ಲಿಲ್ಲಂದ್ರ ಫೈಲ್ ಹೊರೂ ಕೆಲಸಕ್ಕ ಹಾಕ್ತಾರ. ಈ ಮೊಣಕಾಲ ತಗೊಂಡು ದಿನಾ ಮೂರು ಮಾಳಿಗಿ ಹೆಂಗ ಹತ್ಲಿ? ಪುಸ್ತಕ ಕೇಳಿದ್ರ ಸಾಹೇಬ್ರು ಕಪಾಟ ತೆಗ್ಯಂಗಿಲ್ಲ.”

“ಪುಸ್ತಕ ಯಾಕ್ರಿ, ಎಲ್ಲಾ ಈ ಪರದೇದಾಗಽ ಬಂದದ” ಎಂದುಬಿಟ್ಟೆ. ಕನ್ನಡ ಕೇಳಿದ ಖುಷಿಯೋ, ನನಗೆ ಗೊತ್ತಿದೆ ಎಂದು ತೋರಿಸಿಕೊಳ್ಳುವ ಹಂಬಲವೋ. ಯಾವ ಅಕ್ಷರ ಒತ್ತಿದರೆ ಡಿಸ್ಕಿನೊಳಗೆ ಹೋಗಬಹುದು, ಯಾವ ಪುಟ ಹೇಗೆ ತೆಗೆಯಬೇಕು ಎಂದು ಅವರ ಕೈಯಿಂದಲೇ ಮಾಡಿಸಿದೆ. ಅವರು ಒಂದು ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಕನ್ನಡ ಅಕ್ಷರದಲ್ಲಿ ಬರೆದುಕೊಂಡರು.

ನಾಲ್ಕೂ ಹತ್ತಕ್ಕೆ ನಕಲು ಮುಗಿಯಿತು. ಯಂತ್ರದಿಂದ ಡಿಸ್ಕನ್ನು ಬಿಡಿಸುವ ಆಜ್ಞೆ ಕೊಟ್ಟೆ. ಬಿಡಿಸಲಾಗದು, ಬಳಕೆಯಲ್ಲಿದೆ ಎಂದು ಉತ್ತರ ಬಂತು. ಮತ್ತೆ ಕೊಟ್ಟೆ. ಅದೇ ಉತ್ತರ. ಡ್ರೈವಿನ ಗುಂಡಿ ಒತ್ತಿದೆ. ಯಂತ್ರ ಬಿಟ್ಟುಕೊಡುವ ತನಕ ಆ ಗುಂಡಿ ಕೆಲಸ ಮಾಡುವುದಿಲ್ಲ ಎಂದು ಗೊತ್ತಿದ್ದೂ ಹತ್ತು ಸಲ ಒತ್ತಿದೆ.

“ಏನಾಯಿತು?” ಸಾಹೇಬರು ಬಂದು ಹಿಂದೆ ನಿಂತರು.

“ಯಾರೋ ಡಿಸ್ಕನ್ನು ತೆರೆದಿಟ್ಟುಕೊಂಡಿದ್ದಾರೆ, ಸಾಹೇಬ್.”

“ಯಾರೋ ಅಂದರೆ?”

ಯಾರೆಂದು ನನಗೆ ಗೊತ್ತಿತ್ತು. ಆದರೆ ಯಂತ್ರದಿಂದ ಅದನ್ನು ಹೇಳಿಸುವುದು ಹೇಗೆಂದು ಗೊತ್ತಿರಲಿಲ್ಲ. ಆಗಷ್ಟೇ ಇಳಿಸಿದ ಕೈಪಿಡಿಯನ್ನೇ ತೆರೆದು, ಅವರ ಕಣ್ಣೆದುರಿಗೇ ಹುಡುಕಬೇಕಾಯಿತು. ಹನ್ನೆರಡು ನಿಮಿಷ ಹೋದವು. ಕೊನೆಗೆ ಬೇಕಾದ ಆಜ್ಞೆ ಸಿಕ್ಕಿತು. ಕೊಟ್ಟೆ. ಒಂಬತ್ತನೇ ಟರ್ಮಿನಲ್ ಎಂದು ತೋರಿಸಿತು.

“ಟೈಪಿಂಗ್ ವಿಭಾಗ” ಎಂದರು ಸಾಹೇಬರು. “ಇಲ್ಲಿಂದಲೇ ಬಂದ್ ಮಾಡಲು ಬರುತ್ತದೆಯೇ?”

“ಬರುತ್ತದೆ. ಆದರೆ ಅವರು ಉಳಿಸಿಕೊಳ್ಳದೆ ಇಟ್ಟ ಕೆಲಸವೆಲ್ಲ ಹೋಗುತ್ತದೆ.”

“ಹೋಗಲಿ. ಮಾಡು.”

ಬೆರಳು ಕೀಲಿಮಣೆಯ ಮೇಲಿತ್ತು. ಒತ್ತಲಾಗಲಿಲ್ಲ. “ಒಂದು ಸಲ ನೋಡಿ ಬರೋಣ ಸಾಹೇಬ್, ಎರಡೇ ನಿಮಿಷ” ಎಂದೆ. ಅವರು ಗಡಿಯಾರ ನೋಡಿದರು. ಟೈಪಿಂಗ್ ವಿಭಾಗದತ್ತ ನಡೆದರು.

ಅಲ್ಲಿ ಅಕ್ಕಾರ ಕುರ್ಚಿ ಖಾಲಿಯಿತ್ತು. ಸಹಿ ಹಾಕಿಸಲು ಮೇಲಿನ ಮಾಳಿಗೆಗೆ ಹೋಗಿದ್ದಾರೆಂದು ಪಕ್ಕದವರು ಹೇಳಿದರು. ಪರದೆಯ ಮೇಲೆ ವರ್ಗಾವಣೆಯ ಪಟ್ಟಿಯೊಂದು ಅರ್ಧಕ್ಕೆ ನಿಂತಿತ್ತು. ಕೈಪಿಡಿ ಓದಲು ಡಿಸ್ಕಿನೊಳಗೆ ಹೋದವರು ಅದರಿಂದ ಹೊರಬರದೆ ಅಲ್ಲಿಂದಲೇ ದಿನದ ಟೈಪಿಂಗ್ ಶುರುಮಾಡಿದ್ದರು. ಹೊರಗೆ ಬರುವುದನ್ನು ನಾನು ಹೇಳಿಕೊಟ್ಟಿದ್ದರೂ ಮರೆತಿದ್ದರು. ಕೀಲಿಮಣೆಯ ಪಕ್ಕ ನೋಟ್‌ಬುಕ್ ತೆರೆದೇ ಇತ್ತು.

ಸಾಹೇಬರು ಅದನ್ನು ಎತ್ತಿಕೊಂಡರು. “ನಿನ್ನ ಭಾಷೆಯಲ್ಲವೇ? ಏನು ಬರೆದಿದ್ದಾರೆ?”

ಅವರಿಗೆ ಕನ್ನಡ ಬಾರದು. “ಏನೋ ದೇವರ ಸ್ತೋತ್ರ, ಸಾಹೇಬ್” ಎಂದೆ. ನನ್ನ ಬಾಯಿಂದ ಅಷ್ಟು ಸಲೀಸಾಗಿ ಸುಳ್ಳು ಬಂದದ್ದಕ್ಕೆ ನನಗೇ ಹೆದರಿಕೆಯಾಯಿತು.

“ಸ್ತೋತ್ರ ಅಲ್ಲ, ಸಾಹೇಬ್.” ಬಾಗಿಲಲ್ಲಿ ಅಕ್ಕಾರು ನಿಂತಿದ್ದರು, ಮೆಟ್ಟಿಲಿಳಿದ ಏದುಸಿರು ಇನ್ನೂ ನಿಂತಿರಲಿಲ್ಲ. ಮರಾಠಿಯಲ್ಲಿ, ಒಂದೊಂದೇ ಮಾತು ಬಿಡಿಸಿ ಹೇಳಿದರು: “ಈ ಯಂತ್ರದ ಆಜ್ಞೆಗಳು. ಪರೀಕ್ಷೆಗೆ ಓದಬೇಕಿತ್ತು. ನಾನೇ ಹುಡುಕಿ ಬರೆದುಕೊಂಡೆ. ಯಾರೂ ಹೇಳಿಕೊಟ್ಟಿಲ್ಲ.”

ನನ್ನತ್ತ ಅವರು ನೋಡಲೂ ಇಲ್ಲ. ನಾನು ಸುಮ್ಮನಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಕಾಯಂ ಆಗಲು ಒಂದು ತಿಂಗಳು ಎಂಬುದು ನೆನಪಾಯಿತು. ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದೆ ಕೂಡ. ಆ ಒಂದು ಉಸಿರಿಗೆ ಈಗಲೂ ನಾಚಿಕೆಯಾಗುತ್ತದೆ.

“ತೋರಿಸಿದವನು ನಾನು, ಸಾಹೇಬ್. ಸ್ತೋತ್ರ ಅಂದದ್ದೂ ಸುಳ್ಳು.”

ಸಾಹೇಬರು ನೋಟ್‌ಬುಕ್ ಮುಚ್ಚಿ ಮೇಜಿನ ಮೇಲಿಟ್ಟರು. “ನನ್ನನ್ನು ಕೇಳಿದೆಯಾ?”

“ಇಲ್ಲ.”

“ಮೊದಲು ಡಿಸ್ಕ್ ಹೊರಗೆ ಬರಲಿ” ಎಂದರು.

ನಾನು ಕೀಲಿಮಣೆಗೆ ಕೈ ಚಾಚಿದೆ. “ನೀನು ಮುಟ್ಟಬೇಡ. ಅವರೇ ಮಾಡಲಿ” ಎಂದರು.

ಅಕ್ಕಾರು ಕೂತರು. ಒಂದು ಸಲ ತಪ್ಪಿತು, ಯಂತ್ರ ಬೀಪ್ ಎಂದಿತು. ಸಾಹೇಬರು ಎದೆಯ ಮೇಲೆ ಕೈಕಟ್ಟಿ ನಿಂತೇ ಇದ್ದರು. ನೋಟ್‌ಬುಕ್ ತೆರೆಯಲು ಅಕ್ಕಾರಿಗೆ ಧೈರ್ಯವಾಗಲಿಲ್ಲವೇನೋ. ಕಣ್ಣು ಮುಚ್ಚಿ, ತುಟಿ ಅಲುಗಿಸಿ, ಮತ್ತೆ ಒತ್ತಿದರು. ಪಟ್ಟಿಯನ್ನು ಯಂತ್ರದಲ್ಲಿ ತಮಗೆ ಕೊಟ್ಟ ಜಾಗದಲ್ಲಿ ಉಳಿಸಿ, ಅದರಿಂದ ಹೊರಬಂದು, ಡಿಸ್ಕಿನಿಂದಲೂ ಹೊರಬಂದರು. ನಾಲ್ಕೂ ಐವತ್ತೊಂದು.

ಯಂತ್ರದ ಕೋಣೆಗೆ ಓಡಿದೆ. ಈ ಸಲ ಆಜ್ಞೆಗೆ ಯಾವ ಉತ್ತರವೂ ಬರಲಿಲ್ಲ, ಅಂದರೆ ಕೆಲಸವಾಗಿತ್ತು. ಟ್ರೇ ಹೊರಗೆ ಜಾರಿತು. ಡಿಸ್ಕನ್ನು ಡಬ್ಬಿಯಲ್ಲಿಟ್ಟು, ಚೀಲ ಎತ್ತಿಕೊಂಡು, ಆ ಉದ್ದನೆಯ ರಸ್ತೆಯಲ್ಲಿ ಓಡಿದೆ. ಗೇಟು ಇನ್ನೂ ಐವತ್ತು ಹೆಜ್ಜೆ ಇರುವಾಗ ಐದು ಗಂಟೆಯ ಸೈರನ್ ಕೂಗಿತು.

ಕಾವಲುಗಾರ ರಿಜಿಸ್ಟರ್ ಮುಚ್ಚಿದ್ದ. “ಬಂದ್ ಆಯಿತು” ಎಂದ. ನಾನು ಬೇಡಿಕೊಂಡೆ. ಅವನು ಬೇರೆ ಕಡೆ ನೋಡುತ್ತ ನಿಂತ. ಹತ್ತು ನಿಮಿಷದ ಮೇಲೆ ಸಾಹೇಬರು ತಮ್ಮ ಎಂದಿನ ನಡಿಗೆಯಲ್ಲಿ ಬಂದು, ರಿಜಿಸ್ಟರ್ ತೆರೆಸಿ, ತಡವಾದುದಕ್ಕೆ ತಾನೇ ಜವಾಬ್ದಾರ ಎಂದು ಬರೆದು ಸಹಿ ಹಾಕಿದರು. ನನಗೆ ಒಂದೇ ಮಾತು: “ಹೋಗು. ನಿಮ್ಮ ಕಂಪನಿಗೆ ಪತ್ರ ಬರುತ್ತದೆ.”

ಬಂತು. ಅನುಮತಿಯಿಲ್ಲದೆ ಸಿಬ್ಬಂದಿಗೆ ಕೈಪಿಡಿ ತೋರಿಸಿದ್ದಾರೆ ಎಂದು ಒಂದೇ ಸಾಲು. ಸುಳ್ಳಿನ ಮಾತು ಅದರಲ್ಲಿರಲಿಲ್ಲ. ನನ್ನನ್ನು ಕಾಯಂ ಮಾಡುವುದನ್ನು ಮೂರು ತಿಂಗಳು ಮುಂದೂಡಿದರು, ಆ ಸಂಸ್ಥೆಗೆ ಬೇರೆಯವರನ್ನು ಕಳಿಸತೊಡಗಿದರು. ಪರೀಕ್ಷೆಯ ಫಲಿತಾಂಶ ಕೇಳಬೇಕೆಂದು ಎಷ್ಟೋ ಸಲ ಅನಿಸಿತು. ಯಾರನ್ನು ಕೇಳಲಿ?

ಮಳೆಗಾಲದಲ್ಲಿ ಒಂದು ದಿನ ನಮ್ಮ ಆಫೀಸಿನ ಫೋನ್ ನಾನೇ ಎತ್ತಿದೆ. ಸಾಹೇಬರ ದನಿ. ಯಂತ್ರದಲ್ಲಿ ಜಾಗ ತುಂಬಿ ಎಲ್ಲ ಟರ್ಮಿನಲ್‌ಗಳೂ ನಿಂತುಹೋಗಿದ್ದವು. “ನಮ್ಮ ಕೈಪಿಡಿ ನೋಡಿಕೊಳ್ಳುವವರಿಗೆ ಕೊಡುತ್ತೇನೆ, ಮಾತಾಡು” ಎಂದು ಫೋನ್ ದಾಟಿಸಿದರು.

ಆ ಹೆಂಗಸಿನ ದನಿ. ಮರಾಠಿಯಲ್ಲಿ, ಬಲು ಗಂಭೀರವಾಗಿ, ಪರದೆಯ ಮೇಲೆ ಬಂದ ಸಾಲನ್ನು ಅಕ್ಷರ ಅಕ್ಷರ ಓದಿದರು. ಕೈಪಿಡಿಯಲ್ಲಿ ಏನು ಹೇಳಿದೆ, ತಾನು ಏನೇನು ಮಾಡಿ ನೋಡಿದೆ ಎಂದು ಹೇಳಿದರು. ಎರಡು ಹಳೆಯ ಕಡತ ತೆಗೆಯಲು ನಾನು ಹೇಳಿದೆ; ತೆಗೆದರು. ಟರ್ಮಿನಲ್‌ಗಳು ಜೀವ ಹಿಡಿದವು.

“ಮೊಣಕಾಲ ಹೆಂಗ ಅದಾವ್ರಿ, ಅಕ್ಕಾರ?” ಎಂದೆ.

“ಭಾಳ ಆರಾಮ ಅದಾವೋ ತಮ್ಮಾ” ಎಂದು ಪಿಸುದನಿಯಲ್ಲಿ ಹೇಳಿ, ಮತ್ತೆ ಮರಾಠಿಗೆ ಹೊರಳಿ, ಕೆಲಸವಾಯಿತು ಎಂದು ಸಾಹೇಬರಿಗೆ ಕೇಳುವಂತೆ ಹೇಳಿ ಫೋನ್ ಇಟ್ಟರು.