ಗಾಳಿಗಿರಣಿಯ ಪಕ್ಕ ತೆಂಗಿನಮರ

೧೯೯೨ರಲ್ಲಿ, ಏಳನೇ ಕ್ಲಾಸಿಗೆ ನನ್ನ ಓದು ನಿಂತಿತು. ಮಧುಗಿರಿಯಲ್ಲಿ ಬೋರ್ಡು ಬರೆಯುವವರ ಹತ್ತಿರ ಬಣ್ಣ ಕಲೆಸಲು ಸೇರಿದೆ. ಅವ್ವ ಮೂರು ದಿನ ನನ್ನ ಜೊತೆ ಮಾತು ಬಿಟ್ಟಳು. ಆಮೇಲೆ ಶಿರಾ, ಕೊರಟಗೆರೆ, ಪಾವಗಡ ಅಂತ ಎಷ್ಟೋ ಗೋಡೆಗಳಿಗೆ ಚಿತ್ರ ಬರೆದೆ. ಒಂದನ್ನೂ ಅವಳು ನಿಂತು ನೋಡಲಿಲ್ಲ. ಯಾರಾದರೂ ಹೊಗಳಿದರೆ, "ಅಕ್ಷರ ಬುಟ್ಟು ಬಣ್ಣ ಹಿಡ್ಕಂಡ" ಅನ್ನುವಳು. ನನ್ನ ಕೆಲಸಕ್ಕೆ ಬೆರಳು ತೋರಿಸಿದವರಿಲ್ಲ. ಆದರೂ ಅವಳ ಬಾಯಿಂದ ಒಂದು ಒಳ್ಳೇ ಮಾತು ಬೇಕಿತ್ತು ನನಗೆ.

ಹೋದ ವರ್ಷ ಬಡವನಹಳ್ಳಿಯಲ್ಲಿ ರಿಟೈರಾದ ಟೀಚರಮ್ಮ ಒಬ್ಬರು ಹೊಸ ಮನೆ ಕಟ್ಟಿಸಿದರು. ಹಳೇ ಕ್ಯಾಲೆಂಡರಿನ ಹಾಳೆಯೊಂದನ್ನು ಕೊಟ್ಟು, ನಡುಮನೆಯ ಗೋಡೆಗೆ ಇದನ್ನೇ ಬರೆಯಿರಿ ಅಂದರು. ಇಂಗ್ಲೆಂಡಿನ ಚಿತ್ರ. ದಿಣ್ಣೆಯ ಮೇಲೆ ಒಂದು ಗಾಳಿಗಿರಣಿ.

"ಇದೇನು ಮೇಡಂ, ನಾಲ್ಕು ಏಣಿ ಕಟ್ಟವ್ರೆ?"

"ಗಾಳಿಗೆ ತಿರುಗೋ ರೆಕ್ಕೆ ಕಣಪ್ಪ. ಒಳಗೆ ಕಲ್ಲು ತಿರುಗಿ ಗೋಧಿ ಬೀಸುತ್ತೆ. ಅಲ್ಲಿನ ಚಿತ್ರಗಾರರು ಬಯಲಲ್ಲಿ ಕೂತು ಇಂಥವನ್ನ ಎಷ್ಟು ಬರೆದಿದಾರೋ."

ಹಾಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ಆಕಾಶ, ಮಳೆ ಹೊತ್ತ ಮೋಡ. ನಮ್ಮ ಕಡೆ ಎಲ್ಲರೂ ಕೇಳುವುದು ಹುಟ್ಟುವ ಸೂರ್ಯ, ಜಲಪಾತ, ಜೋಡಿ ಹಂಸ. ಮೋಡಕ್ಕೇ ನಾಲ್ಕು ದಿನ ಹಿಡಿಯಿತು. ಗಿರಣಿ ಎಡಕ್ಕೆ ಮುಖ ಮಾಡಿತ್ತು. ಪೊದೆ, ಹುಲ್ಲು ಎಲ್ಲ ಬಲಕ್ಕೆ ಬಾಗಿದ್ದವು. ಮುಗಿಸಿ ನೋಡಿದರೆ ಬಲಮೂಲೆ ಬೋಳುಬೋಳು. ಕೈ ಸುಮ್ಮನಿರಲಿಲ್ಲ. ಎಲ್ಲ ಮನೆಗೂ ಬರೆಯುವಂಥ ಒಂದು ತೆಂಗಿನಮರ ಬರೆದೆ, ಗರಿಗಳನ್ನು ಎಡಕ್ಕೆ, ಗಿರಣಿಯ ಕಡೆಗೆ ಹಾರಿಸಿ.

ಟೀಚರಮ್ಮ ನಕ್ಕುಬಿಟ್ಟರು. "ಇಂಗ್ಲೆಂಡಿಗೆ ತೆಂಗಿನ ಸಸಿ ಕಳಿಸಿದ್ರಾ? ಇರಲಿ ಬಿಡಿ, ನಮ್ಮನೆ ಗೋಡೆ ತಾನೆ."

ಗೃಹಪ್ರವೇಶಕ್ಕೆ ಅವರು ಅವ್ವನನ್ನೂ ಕರೆದಿದ್ದರು. ಊಟಕ್ಕೆ ಮೊದಲು ಅವಳು ಗೋಡೆಯ ಮುಂದೆ ನಿಂತಳು. ಅದೇ ಮೊದಲ ಸಲ.

"ಲೇ ಮಗ, ಗಾಳಿ ಯಾವ ಕಡೆಯಿಂದ ಬತ್ತೈತ್ಲಾ?"

"ಚಿತ್ರದಾಗೆ ಎಂಥ ಗಾಳಿ? ನಿಂಗೇನ್ ತಿಳೀತೈತೆ, ಬುಡವ್ವ."

"ಹುಲ್ಲು ಅತ್ಲಾಗೆ ಬಗ್ಗೈತೆ, ತೆಂಗಿನ ಗರಿ ಇತ್ಲಾಗೆ ಹಾರ್ತೈತೆ. ಇಂಥ ಕಣದಾಗೆ ರಾಗಿ ತೂರುದ್ರೆ ಹೊಟ್ಟು ಪೂರಾ ಮಖಕ್ಕೇ ಬತ್ತೈತೆ ಕಣ್ಲಾ!"

ಬಂದವರೆಲ್ಲ ನಕ್ಕರು. ನನಗೆ ಸಿಟ್ಟು ಬಂತು. ಆದರೆ ಅವಳು ನಲವತ್ತು ವರ್ಷ ಕಣದಲ್ಲಿ ಮೊರ ಎತ್ತಿ ಹಿಡಿದು, ಗಾಳಿಗೆ ಕಾದು ನಿಂತ ಹೆಂಗಸು. ಮತ್ತೆ ನೋಡಿದೆ. ತಪ್ಪು ನನ್ನದೇ.

ಎಲೆ ಎತ್ತಿದ ಮೇಲೆ ಪಂಚೆ ಎತ್ತಿ ಕಟ್ಟಿ ಏಣಿ ಹತ್ತಿದೆ. ಗರಿಗಳ ಮೇಲೆ ಮೋಡ ಬಳಿದು, ಬಲಕ್ಕೆ ಹಾರುವಂತೆ ಹೊಸದಾಗಿ ಬರೆದೆ. ಅವ್ವ ಚಾಪೆಯ ಮೇಲೆ ಎಲೆ ಅಡಿಕೆ ಅಗಿಯುತ್ತಾ ಪೂರ್ತಿ ಮುಗಿಯುವವರೆಗೂ ನೋಡುತ್ತಾ ಕುಳಿತಿದ್ದಳು. ನಾನು ಇಳಿದಾಗ ಎದ್ದು ಬಂದು, ಮೊರ ಹಿಡಿದವಳಂತೆ ಎರಡೂ ಕೈಯನ್ನು ಗೋಡೆಯ ಮುಂದೆ ಎತ್ತಿದಳು.

"ಈಗ ತೂರ್ಬೋದು," ಅಂದಳು. ನನ್ನ ಕೆನ್ನೆಗೆ ಹತ್ತಿದ್ದ ಬಣ್ಣವನ್ನು ಸೆರಗಿನಲ್ಲಿ ಒರೆಸಲು ನೋಡಿದಳು, ಅದು ಹೋಗಲಿಲ್ಲ.

ಈಗ ನನ್ನ ಹತ್ತಿರ ಎರಡು ಏಣಿ, ಹತ್ತೊಂಬತ್ತು ಬ್ರಷ್ಷು, ಒಂದು ಮೊಪೆಡ್ಡು ಇವೆ. ಅವ್ವ ನಿಂತು ನೋಡಿದ ಗೋಡೆ, ಒಂದು.