ಕೈ ಕಂಡ್ರ ಕೈ

ನಮ್ಮ ದೊಡ್ಡಪ್ಪ ಹುಸೇನಪ್ಪನಿಗೆ ಗುಟ್ಟು ಹೇಳಲು ಬರುತ್ತಿರಲಿಲ್ಲ. ಪಕ್ಕದಲ್ಲೇ ಕೂತವರ ಹತ್ತಿರ ಮಾತಾಡಿದರೂ ಓಣಿಯ ಆ ತುದಿಗೆ ಕೇಳುತ್ತಿತ್ತು. ನನ್ನನ್ನು ನೋಡಲು ಮಾನ್ವಿಯಿಂದ ಗಂಡಿನ ಕಡೆಯವರು ಬಂದಿದ್ದಾಗ ಅಡುಗೆಮನೆಗೆ ಬಂದು ನನ್ನ ಕಿವಿಯಲ್ಲಿ, "ಯವ್ವಾ, ಹುಡುಗ ಛಲೋ ಅದಾನ. ಅವರವ್ವನ ಬಾಯಿ ಮಾತ್ರ ಜೋರ ಅದ, ನೋಡಿ ಹೂಂ ಅನ್ನು" ಅಂದ. ಪಡಸಾಲೆಯಲ್ಲಿದ್ದ ಅವರವ್ವ ಚಹಾದ ಕಪ್ಪು ಕೆಳಗಿಟ್ಟರು. ಸಂಬಂಧವೇನೋ ಕೂಡಿಬಂತು. ನಮ್ಮತ್ತೆ ಮಾತ್ರ ಇವತ್ತಿಗೂ ಸಿಟ್ಟು ಬಂದಾಗ, "ನಿಮ್ಮ ದೊಡ್ಡಪ್ಪ ಅವತ್ತ ಹೇಳಿದ್ನಲ್ಲ, ನನ್ನ ಬಾಯಿ ಜೋರು" ಅಂತ ಶುರು ಮಾಡುತ್ತಾರೆ.

ದೊಡ್ಡಪ್ಪನ ಕಿವಿ ತಿಂದದ್ದು ಕಲ್ಲಿನ ಗಿರಣಿ. ದೇವದುರ್ಗದಿಂದ ಮಸರಕಲ್ ಕಡೆ ಹೋಗಿ ಒಳರಸ್ತೆಗೆ ತಿರುಗಿದರೆ ನಮ್ಮೂರು. ಊರ ಹಿಂದಿನ ಗುಡ್ಡದಲ್ಲಿ ಬೆಣಚುಕಲ್ಲು ಸಿಗುತ್ತದೆ, ಹಾಲಿನಂಥ ಬಿಳಿ. ಅದನ್ನು ಒಡೆದು, ಕಬ್ಬಿಣದ ಗುಂಡು ತುಂಬಿದ ದೊಡ್ಡ ಪೀಪಾಯಿಯಲ್ಲಿ ಹಾಕಿ ತಿರುಗಿಸಿ, ತೊಳೆದು, ಹಿಟ್ಟು ಮಾಡಿ ಲಾರಿಗೆ ತುಂಬುತ್ತಾರೆ. ಗಾಜಿಗೆ ಹೋಗುತ್ತದೆ ಅನ್ನುತ್ತಿದ್ದರು, ಪಿಂಗಾಣಿಗೆ ಅನ್ನುತ್ತಿದ್ದರು. ಒಡೆಯುವ ಕಡೆ ಧೂಳು, ತೊಳೆಯುವ ಕಡೆ ಕೆಸರು, ಪೀಪಾಯಿಯ ಕಡೆ ಸದ್ದು. ನಮ್ಮ ಕೇರಿಯ ಗಂಡಸರು ಈ ಮೂರರಲ್ಲಿ ಒಂದಕ್ಕೆ ಬೀಳುತ್ತಿದ್ದರು. ದೊಡ್ಡಪ್ಪನ ಪಾಲಿಗೆ ಸದ್ದೂ ಬಂತು, ಧೂಳೂ ಬಂತು. ಸಂಜೆ ಮನೆಗೆ ಬಂದರೆ ಹುಬ್ಬು, ಮೀಸೆ ಎಲ್ಲ ಬೆಳ್ಳಗೆ. ದೊಡ್ಡವ್ವ ಬಾಗಿಲಲ್ಲೇ ನಿಲ್ಲಿಸಿ, "ಬರ್ರಿ ಮುದುಕಪ್ಪಾ, ಯಾರ ಮನಿ ಬೇಕಿತ್ರಿ?" ಅಂತ ಕಾಡುತ್ತಿದ್ದಳು. ಅವನಿಗೆ ಕೇಳುತ್ತಿರಲಿಲ್ಲ. ಆದರೂ ನಗುತ್ತಿದ್ದ.

ಪೀಪಾಯಿಯ ಹತ್ತಿರ ಎಷ್ಟು ಕಿರುಚಿದರೂ ಕೇಳದ್ದರಿಂದ ಗಿರಣಿಯವರಿಗೆ ಕೈಯೇ ಬಾಯಿ. ಬೆರಳು ಗಾಳಿಯಲ್ಲಿ ತಿರುಗಿಸಿದರೆ ಚಾಲೂ ಮಾಡು. ಎರಡು ಮುಷ್ಟಿ ಉಜ್ಜಿದರೆ ಕಲ್ಲು ಹೆಚ್ಚಾಗಿದೆ. ಅಂಗೈ ತಲೆಯ ಮೇಲೆತ್ತಿದರೆ ನಿಲ್ಲಿಸು, ಎಲ್ಲ ನಿಲ್ಲಿಸು. ಈ ಕೊನೆಯದಕ್ಕೆ ಒಂದು ಕಾಯಿದೆ ಇತ್ತು. ಒಬ್ಬ ಅಂಗೈ ಎತ್ತಿದರೆ ಅದನ್ನು ಕಂಡವರೆಲ್ಲ ಎತ್ತಬೇಕು, ಹಾಗೆ ಒಬ್ಬರಿಂದೊಬ್ಬರಿಗೆ ದಾಟಿ ಮೋಟರಿನ ಸ್ವಿಚ್ಚಿನ ಹತ್ತಿರ ನಿಂತವನಿಗೆ ಮುಟ್ಟಬೇಕು. ಒಮ್ಮೆ ಒಬ್ಬನ ರುಮಾಲು ಪೀಪಾಯಿ ತಿರುಗಿಸುವ ಪಟ್ಟಾದಲ್ಲಿ ಸಿಕ್ಕಿಕೊಂಡಿತ್ತು. ಎತ್ತಿದ ಅಂಗೈ ಕಂಡವನೊಬ್ಬ ಯಾಕೆ, ಏನು ಅಂತ ಕತ್ತು ಚಾಚಿ ನೋಡುವುದರೊಳಗೆ ರುಮಾಲಿನವನ ತೋಳು ಹೋಗಿತ್ತು. ಅಂದಿನಿಂದ ಹೊಸದಾಗಿ ಕೆಲಸಕ್ಕೆ ಬಂದವರಿಗೆ ದೊಡ್ಡಪ್ಪ ಹೇಳುತ್ತಿದ್ದುದು ಒಂದೇ ಪಾಠ: "ಕೈ ಕಂಡ್ರ ಕೈ. ಯಾಕಂತ ಆಮ್ಯಾಲ ಕೇಳು."

ಈ ಕಾಯಿದೆ ಗಿರಣಿಯ ಗೇಟಿನೊಳಗೆ ನಿಲ್ಲಲಿಲ್ಲ. ನನ್ನ ಮದುವೆಯ ಊಟದಲ್ಲಿ ಗಿರಣಿಯವರೆಲ್ಲ ಒಂದೇ ಪಂಕ್ತಿಯಲ್ಲಿ ಕೂತಿದ್ದರು. ಗೋಧಿ ಹುಗ್ಗಿ ಬಡಿಸುತ್ತ ಬಂದವನು ದೊಡ್ಡಪ್ಪನ ಎಲೆಗೆ ಎರಡನೇ ಸಲ ಹಾಕಲು ಹೋದ. ದೊಡ್ಡಪ್ಪ ಅಂಗೈ ಎತ್ತಿದ. ಪಕ್ಕದವನು ಎತ್ತಿದ. ಅವನ ಪಕ್ಕದವನೂ ಎತ್ತಿದ. ಪಂಕ್ತಿಯ ಕೊನೆಯವರೆಗೂ ಎಲ್ಲರೂ ಅಂಗೈ ಎತ್ತಿದ್ದರಿಂದ ಬಡಿಸುವವನು ಹುಗ್ಗಿಯ ಬಕೆಟ್ಟು ಎತ್ತಿಕೊಂಡು ಮುಂದಿನ ಪಂಕ್ತಿಗೆ ಹೋಗಿಬಿಟ್ಟ. ಕೊನೆಯಲ್ಲಿದ್ದವರಿಗೆ ಮೊದಲನೇ ಸಲದ ಹುಗ್ಗಿಯೂ ಬಿದ್ದಿರಲಿಲ್ಲ. ಅವರು ಬೈದ ಬೈಗುಳ ಇಡೀ ಮಂಟಪಕ್ಕೆ ಕೇಳಿತು, ದೊಡ್ಡಪ್ಪನೊಬ್ಬನನ್ನು ಬಿಟ್ಟು.

ದೊಡ್ಡಪ್ಪನಿಗೆ ಜೀವದ ಗೆಳೆಯ ಅಂದರೆ ಕುರಿ ಕಾಯುವ ಮಾಳಪ್ಪ. ಊರ ಆ ಬದಿಯವನು, ಗಿರಣಿಯ ಮುಖ ನೋಡಿದವನಲ್ಲ. ಗಿರಣಿಗೂ ಊರಿಗೂ ನಡುವೆ ಗಾಯರಾಣ ಇತ್ತು, ಊರಿನ ದನ ಕುರಿ ಮೇಯಲಿ ಅಂತ ಹಿಂದಿನವರು ಬಿಟ್ಟ ಹುಲ್ಲುನೆಲ. ಕೆಲಸ ಬಿಟ್ಟು ಬರುವಾಗ ದೊಡ್ಡಪ್ಪ ಅಲ್ಲಿ ಮಾಳಪ್ಪನ ಜೊತೆ ಕೂತು ಬೀಡಿ ಸೇದಿಯೇ ಬರುತ್ತಿದ್ದ. ಒಬ್ಬ ಕಿರುಚುವವನು, ಇನ್ನೊಬ್ಬ ಮಾತೇ ಆಡದವನು. ಅದೇನು ಹರಟೆ ಹೊಡೆಯುತ್ತಿದ್ದರೋ. "ಮಾಳ್ಯಾ, ಕುರಿ ಬಿಟ್ಟು ಎಲ್ಲಿಗೂ ಹೋಗಬ್ಯಾಡ್ಲೇ, ತೋಳ ಬರ್ತಾವ" ಅಂತ ದೊಡ್ಡಪ್ಪ ದಿನವೂ ಬುದ್ಧಿ ಹೇಳುವುದು ಮಾತ್ರ ನಮ್ಮನೆಗೆ ಕೇಳಿಸುತ್ತಿತ್ತು. ಹುಟ್ಟಾ ಕುರಿ ಕಾದವನಿಗೆ ಇವನ ಉಪದೇಶ.

ಗಿರಣಿ ಬೆಳೆದ ಹಾಗೆ ಬಿಳಿ ಕೆಸರೂ ಬೆಳೆಯಿತು. ಇದ್ದ ಹೊಂಡಗಳು ತುಂಬಿದವು. ಒಣಗಿದ ಕೆಸರು ಬೇಸಿಗೆ ಗಾಳಿಗೆ ಎದ್ದು ಊರೊಳಗೆ ಬರುತ್ತಿತ್ತು. ಹೊಸ ಹೊಂಡ ತೋಡಲು ಗಾಯರಾಣ ಕೊಡಿ ಎಂದು ಗಿರಣಿಯ ಮಾಲಕ ಕೇಳಿದ. ಕೊಟ್ಟರೆ ಇನ್ನಷ್ಟು ಮಂದಿಗೆ ಕೆಲಸ, ಕೊಡದಿದ್ದರೆ ಗಿರಣಿ ಬಂದ್. ನಮ್ಮ ಕೇರಿಗೆ ಇದು ಬರೀ ಬಾಯಿಮಾತಾಗಿರಲಿಲ್ಲ, ಹೊಟ್ಟೆಯ ಮಾತು. ಆದರೂ ದೊಡ್ಡಪ್ಪ ಮನೆ ಮನೆಗೆ ಹೋಗಿ ಹೇಳಿದ. "ಗಿರಣಿ ನಮಗ ಅನ್ನ ಹಾಕ್ಯದ, ಇಲ್ಲ ಅನ್ನಂಗಿಲ್ಲ. ಆದ್ರ ಆ ನೆಲ ನಮ್ದಲ್ಲಪ್ಪಾ. ಬಾಯಿ ಇಲ್ಲದ ಜೀವದ್ದು ಅದು. ಕೆಸರಿಗೆ ಅವರು ಬ್ಯಾರೆ ದಾರಿ ನೋಡ್ಕೊಳ್ಳಲಿ." ಅವನ ದನಿಗೆ ಎರಡು ಮನೆಯಲ್ಲಿ ಹೇಳಿದ್ದು ಕೇರಿಗೆಲ್ಲ ಮುಟ್ಟಿತ್ತು. ಬಹಳ ಜನ ಒಪ್ಪಿದರು. ಬೇಡ ಅನ್ನೋಣ ಎಂದೇ ಎಲ್ಲರೂ ಗ್ರಾಮಸಭೆಗೆ ಹೋದರು.

ಸಭೆ ಸಾಲಿಯ ಅಂಗಳದಲ್ಲಿತ್ತು. ರಜೆಗೆ ಊರಿಗೆ ಹೋಗಿದ್ದ ನಾನು ಹೆಂಗಸರ ಕಡೆ ಕೂತಿದ್ದೆ. ದೊಡ್ಡಪ್ಪ ಗಂಡಸರೆಲ್ಲರಿಗಿಂತ ಮುಂದೆ, ಅಧಿಕಾರಿಯ ಬಾಯಿ ಕಾಣುವ ಹಾಗೆ ಕೂತಿದ್ದ. ಅಧಿಕಾರಿ ಮೈಕು ಹಿಡಿದು ಓದಿದರು. ಮೈಕಿನ ಹಿಂದೆ ಬಾಯಿ ಮುಚ್ಚಿಹೋಗಿತ್ತು. ಓದಿ ಮುಗಿಸಿ, "ಗಾಯರಾಣ ಕೊಡಲು ಒಪ್ಪಿಗೆ ಇದ್ದವರು ಕೈ ಎತ್ತಿ" ಅಂದರು.

ದೊಡ್ಡಪ್ಪನಿಗೆ ಕಂಡದ್ದು ಕಾಗದ ಮಡಚಿದ್ದು, ಜನ ಅತ್ತಿತ್ತ ನೋಡಿದ್ದು. ನಮ್ಮ ಮಾತು ಹೇಳುವ ಹೊತ್ತು ಬಂತು ಅಂದುಕೊಂಡ. ಎದ್ದು ನಿಂತು ಅಂಗೈಯನ್ನು ತಲೆಯ ಮೇಲೆತ್ತಿದ. ನಿಲ್ಲಿಸ್ರಿ.

ಹಿಂದೆ ಕೂತಿದ್ದ ಗಿರಣಿಯವರ ಕೈಗಳು ಒಂದರ ಹಿಂದೆ ಒಂದು ಎದ್ದವು. ತಲೆ ಯೋಚಿಸುವ ಮೊದಲೇ ಏಳುವ ಕೈಗಳು ಅವು. ಅವರ ಕೈ ನೋಡಿ, ಇವರೇ ಮನಸ್ಸು ಬದಲಿಸಿರಬೇಕೆಂದು ಕೇರಿಯ ಬೇರೆಯವರೂ ಎತ್ತಿದರು. ನಾನು ಎದ್ದು, "ದೊಡ್ಡಪ್ಪಾ, ಕೈ ಇಳಸು, ಇಳಸೋ" ಅಂತ ಗಂಟಲು ಹರಿಯುವ ಹಾಗೆ ಕೂಗಿದೆ. ಅವನು ಹಿಂದಿರುಗಿ ನೋಡಿದ. ಅಷ್ಟೊಂದು ಕೈಗಳನ್ನು ಕಂಡು ಅವನ ಮುಖ ಅರಳಿತು. ನನ್ನ ಕಡೆ ನೋಡಿ, ಗೆದ್ದೆವು ಅನ್ನುವ ಹಾಗೆ ನಕ್ಕ. ಆ ಬದಿಯಲ್ಲಿ ಕೂತಿದ್ದ ಮಾಳಪ್ಪ ಕಂಬಳಿ ಕೊಡವಿ ಎದ್ದು ಹೋದ.

ಆಮೇಲೆ ಗಲಾಟೆಯಾಯಿತು. ತಪ್ಪಾಗಿದೆ, ಅದು ಬೇಡ ಅನ್ನುವ ಕೈ ಎಂದು ಗಿರಣಿಯವರು ಅಧಿಕಾರಿಯನ್ನು ಸುತ್ತುಗಟ್ಟಿದರು. "ಬ್ಯಾಡ ಅನ್ನಾಕ ಯಾರರೇ ಕೈ ಎತ್ತತಾರೇನ್ರಿ?" ಅಂತ ಅಧಿಕಾರಿ ಕೇಳಿದರು. ಅವರ ಪ್ರಶ್ನೆಯೂ ಸುಳ್ಳಲ್ಲ. ನಾವು ದೇವದುರ್ಗಕ್ಕೆ ಹೋದೆವು, ರಾಯಚೂರಿಗೆ ಹೋದೆವು. ಹೋದಲ್ಲೆಲ್ಲ ಕೈ ಎತ್ತಿ ತೋರಿಸಿ, ಇದರ ಅರ್ಥ ಹೀಗೆ ಎಂದು ವಿವರಿಸಿದೆವು. ಕೆಲವರು ನಕ್ಕರು, ಕೆಲವರು ಅಯ್ಯೋ ಅಂದರು. ಮಳೆಗಾಲಕ್ಕೆ ಮೊದಲೇ ಗಾಯರಾಣದಲ್ಲಿ ಹೊಂಡ ತೋಡಿ ಆಯಿತು. ಮೇವಿಲ್ಲದೆ ಮಾಳಪ್ಪ ಕುರಿ ಮಾರಿ, ಚಂದ್ರಬಂಡದಲ್ಲಿದ್ದ ಮಗಳ ಮನೆಗೆ ಹೋದ. ಹೋಗುವಾಗ ಹೇಳಿ ಹೋಗಲಿಲ್ಲ.

ದೊಡ್ಡಪ್ಪ ಕೈಯಲ್ಲಿ ಮಾತಾಡುವುದನ್ನೇ ಬಿಟ್ಟ. ಚಹಾ ಬೇಕಾದರೂ ಬಾಯಿ ಬಿಟ್ಟು ಕೇಳುವುದು. ಕೈ ಎರಡೂ ಕಂಕುಳಲ್ಲಿ ಇಟ್ಟುಕೊಂಡು ಕೂರುತ್ತಿದ್ದ. "ಯವ್ವಾ, ಅಂವಗ ಹೇಳಿ ಕಳಸು, ನಾ ಬ್ಯಾಡ ಅಂತನ ಎತ್ತಿದ್ದೆ" ಅಂತ ನನಗೆ ಎಷ್ಟು ಸಲ ಹೇಳಿದನೋ. ನಾನೂ ಹೇಳಿ ಕಳಿಸಿದೆ. ಮಾಳಪ್ಪ ಬರಲಿಲ್ಲ. ಆ ಹೊತ್ತಿಗೆ ದೊಡ್ಡಪ್ಪನ ಎದೆಯೂ ಕಲ್ಲಾಗಿತ್ತು. ಕಲ್ಲಿನ ಹಿಟ್ಟು ಒಳಗೆ ಕೂತು ಗಟ್ಟಿಯಾಗಿದೆ, ತೆಗೆಯಲು ಬರುವುದಿಲ್ಲ ಅಂದರು ಡಾಕ್ಟರು. ಆ ದೊಡ್ಡ ದನಿ ಇಳಿಯುತ್ತ ಬಂತು. ಅವನು ಮೆಲ್ಲಗೆ ಮಾತಾಡುವುದನ್ನು ನಾನು ಕೇಳಿದ್ದು ಆಗಲೇ, ಮತ್ತು ಅದನ್ನು ಕೇಳಲಾರದೆ ಹೊರಗೆ ಹೋಗಿ ಅತ್ತಿದ್ದೇನೆ.

ಈಗ ಮಾನ್ವಿಯಲ್ಲಿ ನಾನು ಪಾಠ ಹೇಳುವ ಕ್ಲಾಸಿನ ಹಿಂದಿನ ಬೆಂಚಿನವರು ಗದ್ದಲ ಮಾಡಿದರೆ ನಾನು ಬೈಯುವುದಿಲ್ಲ. ಯಾರಾದರೂ ಸುಮ್ಮನೆ ಜೋರಾಗಿ ಮಾತಾಡಲಿ ಅನ್ನಿಸುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ಯಾರೋ "ಯವ್ವಾ" ಅಂತ ಕೂಗಿದರೆ ತಿರುಗಿ ನೋಡುತ್ತೇನೆ. ಅವನು ಬೇಕು ನನಗೆ, ಅಷ್ಟೇ. ಅವನನ್ನು ಕೊನೆಯದಾಗಿ ನೋಡಿದ್ದು ರಾಯಚೂರಿನ ಆಸ್ಪತ್ರೆಯಲ್ಲಿ. ಮೂಗಿಗೆ ಆಕ್ಸಿಜನ್ ನಳಿಗೆ ಹಾಕಿದ್ದರು. ಅವತ್ತು ಮಧ್ಯಾಹ್ನ ಯಾರೂ ಹೇಳಿ ಕಳಿಸದೆಯೇ ಮಾಳಪ್ಪ ಬಂದ. ಹೆಗಲ ಮೇಲೆ ಅದೇ ಕಂಬಳಿ. ಬಂದವನು ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತ.

ದೊಡ್ಡಪ್ಪ ಉಸಿರು ಕೂಡಿಸಿಕೊಂಡು, "ಕುರಿ ಎಲ್ಲಿ ಬಿಟ್ಟಿ?" ಅಂದ.

ಮಾಳಪ್ಪ ನನ್ನ ಮುಖ ನೋಡಿದ. ಆಮೇಲೆ ದೊಡ್ಡಪ್ಪನ ಕಿವಿಗೆ ಬಾಯಿಟ್ಟು, ಜೀವಮಾನದಲ್ಲಿ ದನಿ ಎತ್ತದವನು ಇಡೀ ವಾರ್ಡಿಗೆ ಕೇಳುವ ಹಾಗೆ ಹೇಳಿದ. "ಗಾಯರಾಣದಾಗ. ಮೇಯಾಕತ್ಯಾವ."

ದೊಡ್ಡಪ್ಪ ಅವನನ್ನೇ ನೋಡುತ್ತಿದ್ದ. ನಂಬಿದನೋ ಇಲ್ಲವೋ ನನಗೆ ತಿಳಿಯಲಿಲ್ಲ.

"ಹಂಗಾರ ಇಲ್ಲೇನು ಕುಂತೀದಿ? ಲಗೂನ ಹೋಗಲೇ."

"ಹೂಂ, ಹೊಂಟೆ" ಅಂದು ಮಾಳಪ್ಪ ಕಂಬಳಿ ಸರಿಮಾಡಿಕೊಂಡು ಅವಸರದಿಂದಲೇ ಹೊರಗೆ ಹೋದ. ದೊಡ್ಡಪ್ಪನಿಗೆ ನಿದ್ದೆ ಹತ್ತಿದ ಮೇಲೆ ನಾನು ನೀರು ತರಲು ಹೊರಗೆ ಹೋದರೆ, ಮಾಳಪ್ಪ ವಾರ್ಡಿನ ಗೋಡೆಯ ಆಚೆ ಬೆಂಚಿನ ಮೇಲೆ ಕೂತಿದ್ದ. ಕತ್ತಲಾಗುವವರೆಗೂ ಅಲ್ಲೇ ಕೂತಿದ್ದ, ಒಳಗಿನವನಿಗೆ ಕಾಣದ ಹಾಗೆ.